ಗಾಳಿಯಮ್ಮ ತಿದ್ದಿದ ಅಗಲ

ನಮ್ಮ ಕಚೇರಿಯಲ್ಲಿ ಎಲ್ಲರೂ ಅವರನ್ನು ಗಾಳಿಯಮ್ಮ ಎನ್ನುತ್ತಿದ್ದರು. ನಾನೂರು ಕಿಲೋಮೀಟರ್ ಮೇಲೆ ಗಾಳಿ ಇದ್ದೂ ಇಲ್ಲದಷ್ಟು ತೆಳು. ಆದರೂ ಅದು ಉಪಗ್ರಹಗಳನ್ನು ತಡೆದು, ದಿನವೂ ಇಷ್ಟಿಷ್ಟು ಕೆಳಗಿಳಿಸುತ್ತದೆ. ಒಂದು ಉಪಗ್ರಹ ಎಷ್ಟು ಇಳಿಯಿತೆಂದು ಅಳೆದು ಅಲ್ಲಿನ ಗಾಳಿಯ ಸಾಂದ್ರತೆ ಕಂಡುಹಿಡಿಯುವುದು ಅವರ ಕೆಲಸ. ಅವರ ಸೂತ್ರವನ್ನು ಹದಿನೆಂಟು ವರ್ಷ ಎಲ್ಲರೂ ಕಣ್ಣುಮುಚ್ಚಿ ನಂಬಿದ್ದೆವು.

ಒಂದೇ ತೊಡಕು: ನಾವು ಹೇಳಿದ ದಿನಕ್ಕಿಂತ ತುಸು ಮೊದಲೇ ಉಪಗ್ರಹಗಳು ಬೀಳುತ್ತಿದ್ದವು. ಕುಣಿಯಲಾರದವಳು ನೆಲ ಡೊಂಕೆಂದ ಹಾಗೆ, 'ಸೂರ್ಯ ಕೆರಳಿದ, ಗಾಳಿ ಉಬ್ಬಿತು' ಎಂದು ವರದಿ ಬರೆಯುತ್ತಿದ್ದೆವು. ಪಾಪ, ಸೂರ್ಯ ಎದುರು ಮಾತಾಡುವವನಲ್ಲ.

ಆ ವರ್ಷ ಚೆಂಡಿನಂಥ ಹೊಸ ಉಪಗ್ರಹವೊಂದು ಹಾರಿತು. ಎತ್ತಲಿಂದ ನೋಡಿದರೂ ಗಾಳಿಗೆ ಎದುರಾಗುವ ಅದರ ಅಗಲ ಒಂದೇ. ಅದರ ಇಳಿತದಿಂದ ಲೆಕ್ಕ ಹಾಕಿದರೆ ಗಾಳಿ ಸೂತ್ರ ಹೇಳಿದ್ದಕ್ಕಿಂತ ನೂರಕ್ಕೆ ಹನ್ನೆರಡರಷ್ಟು ದಟ್ಟ. ಗಣಕದ ಕೆಲಸ ನನ್ನದು; ಹೆದರುತ್ತಲೇ ಗಾಳಿಯಮ್ಮನ ಬಳಿ ಹೋದೆ.

"ಚೆಂಡಿನ ಲೆಕ್ಕದಲ್ಲೇ ಏನೋ ಎಡವಟ್ಟಾಗಿದೆ, ಮೇಡಂ."

"ಚೆಂಡು ಯಾಕೆ ಸುಳ್ಳು ಹೇಳತ್ತೆ? ಮೊದಲು ನನ್ನನ್ನ ಪರೀಕ್ಷೆ ಮಾಡು," ಎಂದರು.

ಸೂತ್ರಕ್ಕೆ ಆಧಾರವಾಗಿದ್ದ ಹಳೆಯ ಉಪಗ್ರಹದ ನಕ್ಷೆಯನ್ನು ಮೇಜಿನ ಮೇಲೆ ಹರಡಿದೆವು. ಎರಡು ದಿನ ತಡಕಾಡಿದರೂ ಏನೂ ಸಿಗಲಿಲ್ಲ. ಮೂರನೆಯ ಮಧ್ಯಾಹ್ನ ಗಾಳಿಯಮ್ಮ ಮರೆತ ಕನ್ನಡಕ ಕೊಡಲು ಅವರ ಗಂಡ ಬಂದರು. ಅವರು ದರ್ಜಿ. ನಕ್ಷೆಯತ್ತ ಬಗ್ಗಿ, ಉಪಗ್ರಹದ ಸೌರಫಲಕ ತೋರಿಸಿ, "ಈ ರೆಕ್ಕೆ ಯಾವಾಗ್ಲೂ ಹೀಗೇ ಎದೆಯುಬ್ಬಿಸಿ ನಿಂತಿರುತ್ತಾ?" ಎಂದು ಕೇಳಿದರು.

"ಇಲ್ಲ, ಬಿಸಿಲಿನ ಕಡೆ ತಿರುಗ್ತಾ..." ಗಾಳಿಯಮ್ಮನ ಮಾತು ಅಲ್ಲೇ ನಿಂತಿತು.

ಹಳೆಯ ಕಡತ ತೆಗೆದರು. ಅಂಚಿನಲ್ಲಿ ಅವರದೇ ಅಕ್ಷರ: 'ಸದ್ಯಕ್ಕೆ ಪೂರ್ತಿ ಅಗಲ ಹಿಡಿದಿದೆ.' ಆ 'ಸದ್ಯಕ್ಕೆ' ಹದಿನೆಂಟು ವರ್ಷ ಹಾಗೇ ಉಳಿದಿತ್ತು. ತಿರುಗುವ ರೆಕ್ಕೆ ಗಾಳಿಗೆ ಸದಾ ಅಷ್ಟು ಅಗಲ ಒಡ್ಡುತ್ತಿರಲಿಲ್ಲ; ಅಗಲ ಹೆಚ್ಚು ಹಿಡಿದಿದ್ದರಿಂದ ಗಾಳಿ ತೆಳುವಾಗಿ ಕಂಡಿತ್ತು. ಗಾಳಿಯಮ್ಮ ಒಂದು ಲೋಟ ನೀರು ಕುಡಿದು, ನೇರ ಮುಖ್ಯಸ್ಥರ ಕೋಣೆಗೆ ನಡೆದರು. ನಾನು ಹಿಂದೆ.

"ಇನ್ನೆರಡು ವಾರಕ್ಕೆ ನಿಮ್ಮ ನಿವೃತ್ತಿ," ಮುಖ್ಯಸ್ಥರು ದನಿ ತಗ್ಗಿಸಿದರು. "ಆಮೇಲೆ ನಾವೇ ಸದ್ದಿಲ್ಲದೆ ಸರಿಮಾಡ್ತೀವಿ. ಹೆಸರು ಯಾಕೆ ಕೆಡಿಸ್ಕೋತೀರಿ?"

"ಹೆಸರು ನನ್ನದು ಸಾರ್. ಬೀಳೋದು ಬೇರೆಯವರ ಉಪಗ್ರಹ."

ಅಂದೇ ಸಂಜೆ, ಸೂತ್ರ ಬಳಸುವ ನಲವತ್ತೊಂದು ಕಚೇರಿಗಳಿಗೂ ಪತ್ರ ಹೋಯಿತು. ಮೊದಲ ಸಾಲೇ 'ತಪ್ಪು ನನ್ನದು' ಎಂದಿತ್ತು. ಬೈಗುಳ ಬರಬಹುದೆಂದು ನಾನು ಕಾದೆ. ನಾಲ್ಕನೆಯ ದಿನ, ಬಿರುಗಾಳಿಗಳ ಮೇಲೆ ಕಣ್ಣಿಡುವ ಕಚೇರಿಯೊಂದರಿಂದ ಉತ್ತರ ಬಂತು: ಹೊಸ ಅಂಕಿ ಹಾಕಿ ನೋಡಿದಾಗ ತಮ್ಮ ಉಪಗ್ರಹಕ್ಕೆ ಅಂದುಕೊಂಡಷ್ಟು ಕಾಲಾವಕಾಶವಿಲ್ಲವೆಂದು ತಿಳಿಯಿತು, ಕೂಡಲೇ ಮೇಲಕ್ಕೇರಿಸಿದೆವು, ಉಳಿಯಿತು. ಗಾಳಿಯಮ್ಮ ಅದನ್ನು ಎರಡು ಸಲ ಓದಿ ಕಣ್ಣೊರೆಸಿಕೊಂಡರು. ನಾನು ಕಿಟಕಿಯತ್ತ ತಿರುಗಿದೆ.

ಕೊನೆಯ ದಿನ ಬೀಳ್ಕೊಡುಗೆ ಮುಗಿದರೂ ಅವರು ನನ್ನ ಪಕ್ಕದ ಕುರ್ಚಿ ಬಿಡಲಿಲ್ಲ. ತಿದ್ದಿದ ಪಟ್ಟಿಗಳನ್ನು ಸಾಲುಸಾಲಾಗಿ ನೋಡುತ್ತಿದ್ದರು. ಬಾಗಿಲಲ್ಲಿ ಗಂಡ ಕಾಣಿಸಿಕೊಂಡರು.

"ಇನ್ನು ಹತ್ತೇ ನಿಮಿಷ," ಎಂದರು ಗಾಳಿಯಮ್ಮ.

"ನಿನ್ನ ಹತ್ತು ನಿಮಿಷ ನಂಗೊತ್ತಿಲ್ವಾ?" ಎನ್ನುತ್ತ ಅವರು ಕುರ್ಚಿ ಎಳೆದುಕೊಂಡು ಕೂತರು.