ದೊಡ್ಡ ಸೊಸೆ ಕುಡಿದ ನೀರು

ಜಿರಿಸಾನ್ ಬೆಟ್ಟದ ಬುಡದ ಸೊಲ್ಗೋಲ್ ಊರಿನಲ್ಲಿ ಕರಡಿಯನ್ನು ಅಜ್ಜಿ ಎನ್ನದವರೇ ಇರಲಿಲ್ಲ. ಹಿಂದೆಂದೋ ಒಂದು ಕರಡಿ ಗವಿಯಲ್ಲಿ ಕೂತು ಬೆಳ್ಳುಳ್ಳಿ ತಿಂದು ಹೆಣ್ಣಾಯಿತಂತೆ, ಅವಳ ಹೊಟ್ಟೆಯಲ್ಲೇ ಈ ಕುಲ ಹುಟ್ಟಿತಂತೆ. ಹಾಗಾಗಿ ಅಜ್ಜಿಯ ಮೇಲೆ ಎಲ್ಲರಿಗೂ ಭಾರಿ ಭಕ್ತಿ. ಅಜ್ಜಿ ಬೆಟ್ಟ ಇಳಿದು ಜೇನುಪೆಟ್ಟಿಗೆಗೆ ಕೈಹಾಕಿದರೆ ಮಾತ್ರ ಆ ಭಕ್ತಿ ದೊಣ್ಣೆ ಹುಡುಕುತ್ತಿತ್ತು.

ಮಾಲ್ಸುನ್‌ಗೆ ಕರಡಿ ಅಜ್ಜಿಯಲ್ಲ, ಸೊಸೆ. ಅರವತ್ತು ದಾಟಿದ ಈ ಹೆಂಗಸು ಊರಿನ ಮುಖಂಡ ಪಾನ್‌ಸೊಕ್‌ನ ಹೆಂಡತಿ. ವಸಂತ ಬಂತೆಂದರೆ ದುರ್ಬೀನು ಕುತ್ತಿಗೆಗೆ ನೇತುಹಾಕಿಕೊಂಡು ಕಣಿವೆಯ ಈಚೆ ಬಂಡೆಯ ಮೇಲೆ ಕೂರುವುದು ಅವಳ ಹುಚ್ಚು. ಆಚೆ ಟೊಳ್ಳು ಮರದೊಳಗೆ ಚಳಿಗಾಲ ಕಳೆದ ಹೆಣ್ಣು ಕರಡಿ ಎದ್ದು ಬರುವುದನ್ನು ನೋಡಬೇಕು. ಎದೆಯ ಮೇಲೆ ಬಿಳಿ ಅರ್ಧಚಂದ್ರ, ಕಿವಿಯಲ್ಲಿ ರಾಷ್ಟ್ರೀಯ ಉದ್ಯಾನದವರು ಹಾಕಿದ ನಂಬರಿನ ಓಲೆ. ಮೈಮುರಿದು ಮೊದಲು ಎರಡು ಮರಿಗಳ ಮುಖ ನೆಕ್ಕುವುದು, ಆಮೇಲೆ ತನ್ನ ಹೊಟ್ಟೆಯ ಚಿಂತೆ. ತುಂಬಿದ ಮನೆಯ ಹಿರಿಸೊಸೆಯ ಹಾಗೆ ಬಾಯಿ ಬಿಡದೆ ದುಡಿಯುವವಳೆಂದು ಮಾಲ್ಸುನ್ ಅವಳಿಗೆ ‘ದೊಡ್ಡ ಸೊಸೆ’ ಎಂದೇ ಹೆಸರಿಟ್ಟಿದ್ದಳು. ತಾನೂ ದೊಡ್ಡ ಸೊಸೆಯಾಗಿ ಬಂದು ಸವೆದವಳೇ ತಾನೆ.

‘ಮೇಲಿನ ಕಣಿವೆಯನ್ನು ಕರಡಿಗೆ ಬಿಡಿ’ ಎಂದು ಬಟ್ಟೆಯ ಮೇಲೆ ಬರೆದು ಊರಬಾಗಿಲಿಗೆ ಕಟ್ಟಿದ್ದಳು. ಒಂದೇ ಮಳೆಗೆ ಬಣ್ಣ ಇಳಿದು ‘ಬಿಡಿ’ ಎಂಬುದಷ್ಟೇ ಉಳಿಯಿತು. ಊರವರು ಆ ಮಾತನ್ನೇ ಬಿಟ್ಟರು. ಬಿಡದೆ ಏನು, ಆ ಕಣಿವೆಯಲ್ಲೇ ಗೊರೊಸ್ವೆ ಮರಗಳು. ಕಾಂಡಕ್ಕೆ ತೂತು ಕೊರೆದು ಪೈಪು ಸಿಕ್ಕಿಸಿದರೆ ಸಿಹಿನೀರು ಇಳಿಯುತ್ತದೆ. ಮೂಳೆಗೆ ಒಳ್ಳೆಯದೆಂದು ಪಟ್ಟಣದವರು ಬಂದು, ಬಿಸಿ ನೆಲದ ಮೇಲೆ ಬೆವರುತ್ತ, ಬಾಯಾರಲೆಂದು ಒಣಮೀನು ಅಗಿಯುತ್ತ, ಕೊಡಗಟ್ಟಲೆ ಕುಡಿದು ಹೋಗುತ್ತಾರೆ.

ಈ ವರ್ಷ ದೊಡ್ಡ ಸೊಸೆ ಬೇಗ ಎದ್ದಳು. ಎದ್ದವಳೇ ಪೈಪು ಅಗಿದು ನೀರು ಹೀರಿದಳು.

“ನೋಡೇ ನಿನ್ನ ಸೊಸೆ ಮಾಡಿದ ಘನಕಾರ್ಯ! ಅತ್ತೆ ಮನೆ ಅಂದ್ರೆ ಒಂಚೂರು ಭಯ ಬೇಡ್ವಾ?” ಎಂದು ಪಾನ್‌ಸೊಕ್ ಹರಿದ ಪೈಪನ್ನು ಅಂಗಳಕ್ಕೆ ಎಸೆದ.

“ಅವಳ ಅಡುಗೆಮನೆಗೆ ನುಗ್ಗಿದ್ದು ನೀವು ರೀ.”

“ನರಿಯಂಥ ಹೆಂಡ್ತಿ ಜೊತೆ ಬಾಳಬಹುದು, ಕರಡಿಯಂಥವಳ ಜೊತೆ ಆಗಲ್ಲ ಅಂತ ನಮ್ಮಪ್ಪ ಸುಮ್ನೆ ಹೇಳ್ತಿರಲಿಲ್ಲ.”

“ನಿಮ್ಮಮ್ಮನ ಮುಂದೆ ಹೇಳ್ತಿದ್ರಾ?”

ಊರ ಸಭೆ ಸೇರಿತು. ಅಜ್ಜಿಯನ್ನು ಹಿಡಿದು ಸಾಗಿಸಬೇಕೆಂದು ಮೊಮ್ಮಕ್ಕಳೆಲ್ಲ ಒಂದೇ ಬಾಯಲ್ಲಿ ಹೇಳುತ್ತಿದ್ದಾಗ, ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಮಾಲ್ಸುನ್ ಎದ್ದು ನಿಂತಳು.

“ನಾಲ್ಕು ತಿಂಗಳು ಉಪವಾಸ ಇದ್ದ ಜೀವ ಅದು. ಪಕ್ಕದಲ್ಲೇ ಹರಿಯೋ ಝರಿ ಬಿಟ್ಟು ನಮ್ಮ ಪೈಪಿಗೆ ಬಾಯಿ ಹಾಕ್ತು ಅಂದ್ರೆ, ಈ ನೀರಿಗೆ ಎಂಥ ಗುಣ ಇರ್ಬೇಕು? ಪಕ್ಕದೂರಿನ ನೀರನ್ನ ಯಾವ ಕರಡಿ ಮೂಸಿ ನೋಡಿದೆ, ಹೇಳಿ!”

ಸಾಗಿಸುವ ಮಾತು ಅಲ್ಲಿಗೇ ಬಿತ್ತು. ಅವರ ಮನಸ್ಸು ಕರಗಿತೆಂದುಕೊಂಡಳು, ಪಾಪ.

ಬೆಳಗಾಗುವಷ್ಟರಲ್ಲಿ ಊರಬಾಗಿಲಿಗೆ ಹೊಸ ಬ್ಯಾನರು ಬಂದಿತ್ತು, ಮಳೆಗೆ ಬಣ್ಣ ಇಳಿಯದ ಜಾತಿಯದು: ‘ದೊಡ್ಡ ಸೊಸೆ ಕುಡಿದ ನೀರು.’ ಮುಖಂಡರ ಧ್ವನಿವರ್ಧಕ ಕೆಮ್ಮಿತು. “ಆ... ಆ... ಕೇಳಿಸ್ತಿದೆಯಾ? ಇವತ್ತಿಂದ ಕರಡಿ ರಕ್ಷಣೆ ನಮ್ಮ ಹೊಣೆ. ಹೆಚ್ಚು ಪೈಪು ಬೇಕಾದೋರು ಹೆಸರು ಕೊಡಿ.” ಎಷ್ಟೋ ವರ್ಷ ಮಾಲ್ಸುನ್‌ಳನ್ನು ಕಂಡರೆ ದಾರಿ ಬದಲಿಸುತ್ತಿದ್ದವರೆಲ್ಲ ಅಂಗಿಗೆ ಕರಡಿಯ ಚಿತ್ರ ಚುಚ್ಚಿಕೊಂಡು ಓಡಾಡಿದರು.

ಬಂದ ಗಿರಾಕಿಗಳು ಕೇಳಿದ್ದು ನ್ಯಾಯವಾದ ಪ್ರಶ್ನೆ: ಕರಡಿ ಎಲ್ಲಿ? ಪಾನ್‌ಸೊಕ್ ಪೈಪಿನ ಬಳಿ ಜೇನಿನ ಬಕೆಟ್ಟಿಟ್ಟ. ಮರಿಗಳೊಂದಿಗೆ ಇಳಿದು ಬಂದ ದೊಡ್ಡ ಸೊಸೆ ಮೊದಲು ಜೇನು ನೆಕ್ಕಿದಳು, ಆಮೇಲೆ ಜನ ಎಸೆದ ಒಣಮೀನು ತಿಂದಳು, ಕೊನೆಗೆ ಕಾರಿನ ಕಿಟಕಿಗೇ ಮೂತಿ ತೂರಿಸಿದಳು.

“ಅಯ್ಯೋ, ನಿಲ್ಸ್ರೀ! ಅವಳನ್ನ ಭಿಕ್ಷೆಗೆ ಇಳಿಸಿದ್ರಲ್ರೀ!”

“ಕಾಪಾಡಿ ಅಂದೆ, ಕಾಪಾಡ್ತಿದೀವಿ. ಈಗ ಉಪವಾಸ ಕೆಡವು ಅಂತೀಯಾ?” ಎಂದ ಪಾನ್‌ಸೊಕ್.

ಉದ್ಯಾನದ ಹುಡುಗಿ ಸೊರಾ ಬಂದಳು. ಕರಡಿಗಳ ಮೇಲೆ ಕಣ್ಣಿಡುವುದು ಅವಳ ಕೆಲಸ. “ಅಮ್ಮಾ, ಮನುಷ್ಯರನ್ನ ಕಂಡು ಓಡದ ಕರಡೀನ ಕಾಡಲ್ಲಿ ಬಿಡೋ ಹಾಗಿಲ್ಲ. ಮುಂದಿನ ವಾರ ಬೋನು ಬರುತ್ತೆ. ಆಮೇಲೆ ಸಾಯೋವರೆಗೂ ಬೇಲಿಯೊಳಗೇ, ಮರಿಗಳೂ ಅಷ್ಟೇ.”

“ಬೇರೆ ದಾರಿನೇ ಇಲ್ವಾ ಮಗಳೇ?”

“ಅಷ್ಟರೊಳಗೆ ಹೆದರೋದು ಕಲಿತ್ರೆ ಉಳ್ಕೋತಾಳೆ. ನಾವು ರಬ್ಬರ್ ಗುಂಡು ಹೊಡೆದ್ವಿ. ಏನಾಯ್ತು? ಸಮವಸ್ತ್ರ ಕಂಡ್ರೆ ಓಡ್ತಾಳೆ. ಹೂವಿನ ಬಟ್ಟೆ ಕಂಡ್ರೆ ಊಟ ಬಂತು ಅಂತ ಬರ್ತಾಳೆ.” ಸೊರಾ ಮಾಲ್ಸುನ್‌ಳ ಹೂವಿನ ಪೈಜಾಮ ನೋಡಿ ತಲೆ ತಗ್ಗಿಸಿದಳು. “ನಾನು ಹೇಳ್ದೆ ಅಂತ ಎಲ್ಲೂ ಹೇಳ್ಬೇಡಿ.”

ಪಾನ್‌ಸೊಕ್‌ಗೆ ಬೇಲಿಯ ಸುದ್ದಿ ಸಿಹಿಯಾಗಿಯೇ ಕೇಳಿಸಿತು. “ಒಳ್ಳೇದೇ ಆಯ್ತಲ್ಲೇ. ಬೇಲಿ ಪಕ್ಕ ನಮ್ಮದೊಂದು ಅಂಗಡಿ ಹಾಕೋಣ. ನೀನೂ ಬಂಡೆ ಮೇಲೆ ಸೊಂಟ ಮುರ್ಕೊಳ್ಳೋದು ತಪ್ಪುತ್ತೆ. ದಿನಾ ಕಣ್ತುಂಬ ನೋಡು.”

ದಿನಾ ಕಣ್ತುಂಬ ನೋಡುವ ಆಸೆ ಮಾಲ್ಸುನ್‌ಗೆ ಇರಲಿಲ್ಲವೆಂದರೆ ಸುಳ್ಳು. ಆದರೂ ಮಡಿಲಿಗೆ ಕಲ್ಲು ತುಂಬಿಕೊಂಡು, ಪಾತ್ರೆಯ ಮುಚ್ಚಳ ಹಿಡಿದು, ಬೆಟ್ಟ ಹತ್ತಿದಳು.

ಗಿರಾಕಿಗಳ ಗುಂಪಿನ ನಡುವೆ ದೊಡ್ಡ ಸೊಸೆ ಕೂತಿದ್ದಳು. ಹೂವಿನ ಬಟ್ಟೆ ಕಂಡದ್ದೇ ತುಟಿ ಚಾಚಿ ಎದ್ದು ಬಂದಳು. ಮಾಲ್ಸುನ್ ಮುಚ್ಚಳ ಬಡಿದಳು. “ನಡಿಯೇ ಇಲ್ಲಿಂದ, ದರಿದ್ರದವಳೇ! ಮೂರು ಹೊತ್ತೂ ಕೂಳು ಕೂಳು ಅಂತ ಬಾಯಿ ಬಿಡ್ತೀಯಾ, ನಾಚ್ಕೆ ಆಗಲ್ವಾ?” ಬೈಗುಳಕ್ಕೆ ತಡಕಾಡಬೇಕಾಗಲಿಲ್ಲ. ಮದುವೆಯಾದ ಹೊಸತರಲ್ಲಿ ಅತ್ತೆ ಬಾಯಿಪಾಠ ಮಾಡಿಸಿದ್ದರು.

ಮೊದಲ ಕಲ್ಲು ಗುರಿ ತಪ್ಪಿ ಬಿತ್ತು. ದೊಡ್ಡ ಸೊಸೆ ಅದನ್ನು ತಿಂಡಿಯೆಂದು ಮೂಸಿ ನೋಡಿದಳು. ಎರಡನೆಯದು ಮೂಗಿಗೇ ಬಿತ್ತು. ಕರಡಿ ಕದಲದೆ ಅವಳ ಮುಖವನ್ನೇ ನೋಡಿತು. ಮೂರನೆಯ ಕಲ್ಲನ್ನು ಅವಳು ಮರಿಗೆ ಹೊಡೆದಳು. ಮರಿ ಕಿರುಚಿಕೊಂಡಿತು. ಆಗ ತಾಯಿಗೆ ಅರ್ಥವಾಯಿತು.

ಗಿರಾಕಿಗಳ ಫೋನುಗಳೆಲ್ಲ ಮೇಲೆದ್ದಿದ್ದವು. ಸಂಜೆಯೊಳಗೆ ದೇಶವೇ ಮಾಲ್ಸುನ್‌ಳನ್ನು ರಾಕ್ಷಸಿ ಎಂದಿತು. ಅವಳ ಮೇಲೆ ಕ್ರಮ ಕೈಗೊಳ್ಳಬೇಕೆಂದು ಎಲ್ಲೆಲ್ಲಿಯವರೋ ಸಹಿ ಹಾಕಿದರು. ಪಾನ್‌ಸೊಕ್ ಧ್ವನಿವರ್ಧಕದಲ್ಲಿ ಹೆಂಡತಿಯ ಪರವಾಗಿ ಕರಡಿಯ ಕ್ಷಮೆ ಕೇಳಿದ. ಮಾಲ್ಸುನ್ ಮರುದಿನವೂ ಹೋದಳು, ಅದರ ಮರುದಿನವೂ ಹೋದಳು. ಒಂದೇ ಒಂದು ಸಲವೂ ಅಳದೆ ಹಿಂದಿರುಗಲಿಲ್ಲ.

ಬೋನು ಹೊತ್ತ ಲಾರಿ ಬಂದ ದಿನ ಸೊರಾ ಅವಳನ್ನು ಕರೆದುಕೊಂಡು ಕಣಿವೆಗೆ ನಡೆದಳು. ದೊಡ್ಡ ಸೊಸೆ ಎದುರಿನ ಇಳಿಜಾರಿನಲ್ಲಿ ಚಿಗುರು ಮೇಯುತ್ತಿದ್ದಳು. ಇವರಿನ್ನೂ ಮರಗಳ ಮರೆಯಲ್ಲೇ ಇದ್ದರು. ಗಾಳಿ ಆ ಕಡೆ ತಿರುಗಿತು. ಕರಡಿ ಮೂಗೆತ್ತಿ ಹಿಂಗಾಲ ಮೇಲೆ ನಿಂತಿತು, ಮರಿಗಳನ್ನು ಮುಂದೆ ತಳ್ಳಿಕೊಂಡು ಏರು ಹತ್ತಿ ಓಡಿತು, ದಿಣ್ಣೆ ದಾಟಿ ಮರೆಯಾಯಿತು.

“ಅಮ್ಮಾ, ಗೆದ್ರಿ! ನಿಮ್ಮ ವಾಸನೆಗೇ ಓಡಿದ್ಳು!” ಸೊರಾ ಕುಣಿದಾಡಿದಳು. “ಬೋನು ವಾಪಸ್ಸು ಕಳಿಸ್ತೀನಿ.”

“ನನ್ನ ವಾಸನೆಗೆ,” ಎಂದಳು ಮಾಲ್ಸುನ್. “ಹಾಗಾದ್ರೆ ಇನ್ನು ನಾನು ಈ ಕಡೆ ಬರಬಾರದು, ಅಲ್ವೇನೇ?”

“ಬರಬಾರದು ಅಮ್ಮಾ.”

ಮಾಲ್ಸುನ್ ಮಡಿಲಲ್ಲಿ ಉಳಿದಿದ್ದ ಕಲ್ಲುಗಳನ್ನು ಕೆಳಗೆ ಸುರಿದು ಬೆಟ್ಟ ಇಳಿದಳು. ಊರಬಾಗಿಲಲ್ಲಿ ದೊಡ್ಡ ಸೊಸೆಯನ್ನು ಅವಳಿಂದ ಕಾಪಾಡಲು ಜನ ಸೇರಿದ್ದರು.