ಬೀಗರಿಬ್ಬರೂ ಒಂದೇ ಗಾಡಿಯಲ್ಲಿ

ಬಾಲಿ ದ್ವೀಪದ ಗದ್ದೆಗಳ ನಡುವೆ, ನಾಲ್ಕು ದಪ್ಪ ಚಕ್ರದ ಬೈಕಿನ ಮೇಲೆ, ಅದೂ ಈರಪ್ಪನ ಹಿಂದೆ, ಅದೂ ಆ ಮನುಷ್ಯನ ಸೊಂಟ ತಬ್ಬಿಕೊಂಡು ಕೂರುವ ಯೋಗ ನಿಮಗಿದೆ ಅಂತ ಯಾರಾದರೂ ಹೇಳಿದ್ದರೆ, ಲಕ್ಷ್ಮೀಪತಿ ಮೇಷ್ಟ್ರು ‘ಮೊದಲು ಹೋಗಿ ಡಾಕ್ಟರಿಗೆ ತಲೆ ತೋರಿಸ್ಕೊಳಪ್ಪಾ’ ಅಂದುಬಿಡುತ್ತಿದ್ದರು. ಹಣೆಬರಹ ನೋಡಿ, ಅದೇ ಆಯಿತು.

ಇವರಿಬ್ಬರು ಯಾರು ಅಂತ ಮೊದಲೇ ಹೇಳಿಬಿಡುತ್ತೇನೆ. ಲಕ್ಷ್ಮೀಪತಿ ರಾಜಾಜಿನಗರದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಟ್ಟು ರಿಟೈರಾದವರು. ವಿಜಯನಗರದಲ್ಲಿ ಸ್ವಂತ ಮನೆ, ಹೆಂಡತಿ ಅನಂತಲಕ್ಷ್ಮಿ, ಒಬ್ಬಳೇ ಮಗಳು ಸ್ಮೃತಿ. ಈರಪ್ಪ ಗೋಕಾಕದ ಕಡೆಯಿಂದ ಬಂದು, ಮಾರೇನಹಳ್ಳಿಯಲ್ಲಿ ಖಾನಾವಳಿ ಇಟ್ಟು, ರೊಟ್ಟಿ ಬಡಿದು ಮೇಲೆ ಬಂದವರು. ಹೆಂಡತಿ ಭಾಗವ್ವ, ಮಗ ವೀರೇಶ. ಸ್ಮೃತಿ, ವೀರೇಶ ಇಬ್ಬರೂ ಒಂದೇ ಕಾಲೇಜಿನಲ್ಲಿ ಲೆಕ್ಚರರು. ನೋಡಿದರು, ಮೆಚ್ಚಿದರು, ಮನೆಯವರನ್ನು ಒಪ್ಪಿಸಿ ಮದುವೆಯಾದರು. ಅಲ್ಲಿವರೆಗೂ ಎಲ್ಲಾ ಸರಿಯಾಗಿಯೇ ಇತ್ತು.

ಎಡವಟ್ಟಾಗಿದ್ದು ಮದುವೆ ಊಟದಲ್ಲಿ. ಈರಪ್ಪನವರು ಪಂಕ್ತಿಗೆ ಬಂದು, ‘ತಗೋರಿ ಬೀಗರ’ ಅಂತ ತಮ್ಮ ಕೈಯಾರೆ ಒಂದು ಹೋಳಿಗೆ ಬಡಿಸಿ, ಮೇಲೆ ತುಪ್ಪ ಸುರಿದರು. ಮೇಷ್ಟ್ರು ಸಂತೋಷವಾಗಿ ಕಚ್ಚಿದರು. ಅಗಿದರು. ಮತ್ತೂ ಅಗಿದರು. ಕೊನೆಗೆ ಬಾಯಿಗೆ ಕೈ ಹಾಕಿ ಎಳೆದರೆ ಬಂದಿದ್ದೇನು? ಹತ್ತಿ! ಹೂರಣದ ಜಾಗದಲ್ಲಿ ಅಂಗೈಯಷ್ಟು ಹತ್ತಿ ತುಂಬಿದ್ದರು. ಛತ್ರವೆಲ್ಲ ಗೊಳ್ಳೆಂದಿತು. ಆ ವಿಡಿಯೋದವನಾದರೂ ಸುಮ್ಮನಿರಬಾರದೇ? ಹತ್ತಿರ ಬಂದು, ಬಾಯಿಂದ ಹತ್ತಿ ಬರುವುದನ್ನು ಪೂರ್ತಿ ಹಿಡಿದ. ಈಗ ಎರಡೂ ಮನೆಯ ನೆಂಟರಿಷ್ಟರ ಹತ್ತಿರ ಅದರ ಸಿಡಿ ಇದೆ.

ಮೇಷ್ಟ್ರ ಮನೆತನದಲ್ಲಿ ಬೀಗರು ಅಂದರೆ ದೇವರ ಸಮಾನ. ಬೀಗರ ಎದುರಿಗೆ ಕಾಲು ಚಾಚಿ ಕೂರುವಂತಿಲ್ಲ, ಅವರ ಮಾತಿಗೆ ಎದುರಾಡುವಂತಿಲ್ಲ. ಅಂಥವರ ಬಾಯಿಗೆ ಹತ್ತಿ! ‘ಆ ಮನುಷ್ಯ ಬಂದು ತಪ್ಪಾಯ್ತು ಅನ್ನೋವರೆಗೂ ಅವರ ಮನೆ ಮೆಟ್ಟಿಲು ಹತ್ತಲ್ಲ’ ಅಂತ ಶಪಥ ಮಾಡಿ ಕೂತರು. ಮಗಳು ಅತ್ತೆ ಮಾವನ ಜೊತೆ ಇರುವ ಆ ಮನೆ ಎಲ್ಲಿ ಅಂತೀರಿ? ಪಕ್ಕದ ಆರ್‌ಪಿಸಿ ಲೇಔಟಿನಲ್ಲಿ. ಇಲ್ಲಿ ಚಪ್ಪಲಿ ಮೆಟ್ಟಿ ಹೊರಟರೆ ಅಲ್ಲಿ ಕಾಫಿ ಬಿಸಿಯಾಗಿ ಸಿಗಬೇಕು, ಅಷ್ಟು ಹತ್ತಿರ. ಒಂದು ವರ್ಷವಾದರೂ ಮೇಷ್ಟ್ರು ಹೋಗಲಿಲ್ಲ. ಸಂಜೆ ವಾಕಿಂಗ್ ನೆಪದಲ್ಲಿ ಆ ಬೀದಿಯ ತುದಿಯವರೆಗೆ ಹೋಗುವುದು, ಮಗಳ ಮನೆಯ ದೀಪ ಉರಿಯುವುದನ್ನು ನೋಡುವುದು, ವಾಪಸ್ ಬರುವುದು. ಹಟ ಮಾತ್ರ ಇಳಿಯಲಿಲ್ಲ.

ದಸರಾ ರಜೆಗೆ ಸ್ಮೃತಿ, ವೀರೇಶ ಸೇರಿ ಇಬ್ಬರ ಅಪ್ಪ ಅಮ್ಮಂದಿರನ್ನೂ ಬಾಲಿಗೆ ಕರೆದುಕೊಂಡು ಹೋಗುವುದೆಂದು ಹಟ ಹಿಡಿದರು. ಹೊರಡುವ ಹಿಂದಿನ ದಿನ ಸ್ಮೃತಿ ಬಂದು ಅಪ್ಪನ ಎದುರಿಗೆ ಕೂತಳು.

“ಅಪ್ಪಾ, ಪ್ರತೀ ಭಾನುವಾರ ನಾನೊಬ್ಳೇ ಬಂದು ಹೋಗಿ ಸಾಕಾಗಿದೆ. ಅಲ್ಲಿ ಅತ್ತೆ ಮುಖ ನೋಡಕ್ಕಾಗಲ್ಲ, ಇಲ್ಲಿ ನಿಮ್ಮ ಮುಖ ನೋಡಕ್ಕಾಗಲ್ಲ. ಈ ಟೂರಲ್ಲೂ ನೀವು ಹಿಂಗೇ ಗುಮ್ ಅಂತ ಇದ್ರೆ, ಬಂದ್ಮೇಲೆ ನಾನು ಈ ಮನೆಗೆ ಬರಲ್ಲ. ನೀವು ನಮ್ಮನೆಗೆ ಬಂದ ದಿನಾನೇ ನಾನು ನಿಮ್ಮನೆಗೆ ಬರೋದು.”

ಸ್ಮೃತಿ ಮೇಷ್ಟ್ರ ಮಗಳೇ. ಹೇಳಿದ್ದನ್ನು ಮಾಡುವವಳೇ. ಆ ರಾತ್ರಿ ಮೇಷ್ಟ್ರಿಗೆ ಊಟ ಸೇರಲಿಲ್ಲ.

ಬಾಲಿಗೆ ಬಂದಿಳಿದ ಮೇಲೂ ಈರಪ್ಪನವರು ‘ಬೀಗರ, ರೊಟ್ಟಿ ತಿಂತೀರೇನ್ರಿ? ಬೀಗರ, ಸಮುದ್ರ ನೋಡ್ರಿ’ ಅಂತ ಹಿಂದೆ ಮುಂದೆ ಸುತ್ತುತ್ತಲೇ ಇದ್ದರು. ಮೇಷ್ಟ್ರು ಮಾತ್ರ ‘ಹೂಂ, ಈರಪ್ಪನವರೇ’ ಅನ್ನುವುದಕ್ಕಿಂತ ಒಂದಕ್ಷರ ಮುಂದೆ ಹೋಗಲಿಲ್ಲ, ಬಾಯಿತಪ್ಪಿಯೂ ‘ಬೀಗರೇ’ ಅನ್ನಲಿಲ್ಲ. ಕ್ಷಮಾಪಣೆ ಬರಲಿ, ಆಮೇಲೆ ನೋಡೋಣ.

ಮೂರನೇ ದಿನ ಈ ಕೆಸರು ಸವಾರಿ. ಗೈಡು ಕೆತುತ್ ಅನ್ನುವ ಹುಡುಗ. ಎಲ್ಲರಿಗೂ ಗಮ್‌ಬೂಟು, ಹೆಲ್ಮೆಟ್ಟು ಕೊಟ್ಟ. ಎಲೆ ದೊನ್ನೆಯಲ್ಲಿ ಹೂವಿಟ್ಟು, ಊದುಬತ್ತಿ ಹಚ್ಚಿ, ಒಂದೊಂದು ಗಾಡಿಯ ಮೂತಿಯ ಮೇಲೂ ಇಟ್ಟು ಕೈ ಮುಗಿದ. ಅನಂತಲಕ್ಷ್ಮಿಗೆ ಖುಷಿಯೋ ಖುಷಿ. “ನೋಡ್ರೀ, ಇಲ್ಲೂ ಆಯುಧಪೂಜೆ!” ಅಂದರು. ಕೆತುತ್ ಹೇಳಿದ್ದು ಇಷ್ಟೇ: ಬಲ ಹೆಬ್ಬೆರಳಲ್ಲಿ ಒತ್ತಿದರೆ ಮುಂದೆ ಹೋಗುತ್ತದೆ, ನನ್ನ ಕೆಂಪು ಬಾವುಟದ ಹಿಂದೆಯೇ ಬನ್ನಿ, ಒಂದು ಗಾಡಿಗೆ ಇಬ್ಬರು.

ಭಾಗವ್ವ ಒಂದು ಮಾತೂ ಆಡದೆ ಇಳಕಲ್ ಸೀರೆಯನ್ನು ಕಚ್ಚೆ ಕಟ್ಟಿ ಗಾಡಿ ಹತ್ತಿದರು. ದಿನಾ ಬೆಳಿಗ್ಗೆ ಖಾನಾವಳಿಯ ತರಕಾರಿಯನ್ನೆಲ್ಲ ಟಿವಿಎಸ್ ಗಾಡಿಯ ಮೇಲೆ ಹೇರಿಕೊಂಡು ಬರುವ ಹೆಂಗಸು, ಅವರಿಗೆ ಇದೇನು ಮಹಾ! “ಹತ್ರಿ ಬೀಗಿತ್ತಿ” ಅಂದರು. ಅನಂತಲಕ್ಷ್ಮಿ ಹತ್ತಿ ಕೂತೇಬಿಟ್ಟರು. ಇತ್ತ ಸ್ಮೃತಿ ಗಂಡನ ಹಿಂದೆ ಕೂತಳು. ಉಳಿದದ್ದು ಒಂದು ಗಾಡಿ, ಎರಡು ಬೀಗರು. ಬೇಕಂತಲೇ ಮಾಡಿದ್ದು ಅಂತ ಮೇಷ್ಟ್ರಿಗೆ ಗೊತ್ತಾಯಿತು, ಆದರೆ ಮಗಳು ನೋಡುತ್ತಿದ್ದಳು.

“ನೀವ ಓಡಸ್ರಿ ಬೀಗರ.”

“ಛೆ ಛೆ, ತಾವು.”

“ಅಯ್ಯ, ನೀವು ಹಿರಿಯಾರು.”

“ತಾವು ಗಂಡಿನ ಕಡೆಯವರು.”

ಈ ಉಪಚಾರ ಮುಗಿಯುವಷ್ಟರಲ್ಲಿ ಉಳಿದವರೆಲ್ಲ ಹೊರಟು ಹೋಗಿದ್ದರು. ಕೊನೆಗೆ ಈರಪ್ಪನವರೇ ಮುಂದೆ ಕೂತರು. ಅವರದು ಹುಲುಸಾಗಿ ಬೆಳೆದ ಶರೀರ. ಹಿಂದೆ ಉಳಿದ ಅಂಗೈಯಗಲದ ಸೀಟಿನಲ್ಲಿ ಮೇಷ್ಟ್ರು ಕೂತು, ಮೊದಲ ಗುಂಡಿ ಬರುವವರೆಗೆ ಮಾನ ಕಾಪಾಡಿಕೊಂಡು, ಗುಂಡಿ ಬಂದ ಕೂಡಲೇ ಬೀಗರ ಸೊಂಟ ಗಟ್ಟಿಯಾಗಿ ತಬ್ಬಿದರು.

ಅಯ್ಯೋ, ಆ ದಾರಿ ಏನು ಚೆಂದ ಅಂತೀರಿ! ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹಸಿರು ಗದ್ದೆಗಳು, ತೆಂಗಿನ ಮರಗಳು, ಕಾಲುವೆಯಲ್ಲಿ ಗಲಗಲ ನೀರು. ಗಾಡಿ ನೀರಿಗಿಳಿದಾಗ ಎರಡೂ ಕಡೆ ಕಾರಂಜಿ ಚಿಮ್ಮುತ್ತಿತ್ತು. ಮೇಷ್ಟ್ರ ಬಾಯಿಂದ ತನಗೆ ತಾನೇ ‘ಓಹೋಹೋ’ ಅಂತ ಹೊರಟಿತು, ತಕ್ಷಣ ಕೆಮ್ಮಿ ಮುಚ್ಚಿಹಾಕಿದರು. ಈರಪ್ಪನವರೋ, ಬೀಗರ ಮೈ ಕುಲುಕಬಾರದು ಅಂತ ಎತ್ತಿನ ಗಾಡಿಯ ಹಾಗೆ ಹೊಡೆಯುತ್ತಿದ್ದರು. ಕೆಂಪು ಬಾವುಟ ದೂರ ದೂರವಾಗಿ, ಒಂದು ಕವಲಿನಲ್ಲಿ ಬಲಕ್ಕೆ ತಿರುಗಿ ಮಾಯವಾಯಿತು. ಮೇಷ್ಟ್ರು ಅದನ್ನು ಕಣ್ಣಾರೆ ನೋಡಿದರು.

ಈರಪ್ಪನವರು ಕವಲಿನಲ್ಲಿ ಗಾಡಿ ನಿಲ್ಲಿಸಿ, ಹಿಂದೆ ತಿರುಗಿ, “ಯಾವ ಕಡೆ ಹೋಗೂಣ್ರಿ ಬೀಗರ?” ಅಂತ ಕೇಳಿದರು.

ಬಲಕ್ಕೆ ಅಂದರೆ ಮುಗಿಯಿತು. ಆದರೆ ಗಾಡಿ ಓಡಿಸುವ ಬೀಗರಿಗೆ ಹಿಂದೆ ಕೂತು ದಾರಿ ಹೇಳುವುದು ಮರ್ಯಾದೆಯೇ? “ತಮ್ಮ ಇಷ್ಟ” ಅಂದರು ಮೇಷ್ಟ್ರು.

“ಅಲ್ರೀ, ನೀವು ಹೇಳಿದ್ಹಂಗ.”

“ತಾವು ಹೇಗೆ ಹೇಳ್ತೀರೋ ಹಾಗೆ.”

ಅಷ್ಟರಲ್ಲಿ ಒಂದು ದೊಡ್ಡ ನೊಣ ಮೇಷ್ಟ್ರ ಮೂಗಿನ ಮೇಲೆ ಕೂತಿತು. ಎಡಗೈ ಬೀಸಿ ಓಡಿಸಿದರು. ಕೈ ಎಡಕ್ಕೆ ಹೋಗಿದ್ದೇ ತಡ, “ಆತ್ರಿ!” ಅಂತ ಈರಪ್ಪನವರು ಗಾಡಿಯನ್ನು ಎಡಕ್ಕೆ ತಿರುಗಿಸಿಬಿಟ್ಟರು. ತಪ್ಪು ದಾರಿ ಅಂತ ಮೇಷ್ಟ್ರಿಗೆ ಗೊತ್ತು. ಹೇಳುವುದು ಹೇಗೆ? ಬೀಗರ ಸೊಂಟವನ್ನೇ ಇನ್ನಷ್ಟು ಬಿಗಿಯಾಗಿ ಹಿಡಿದರು. ದಾರಿ ಕಿರಿದಾಯಿತು, ಬದುವಾಯಿತು, ಬದುವೂ ಮುಗಿಯಿತು. ಗಾಡಿ ಮುಂದಕ್ಕೆ ವಾಲಿ, ಇಬ್ಬರು ಬೀಗರನ್ನೂ ಹೊತ್ತುಕೊಂಡು, ಪೈರಿಲ್ಲದ ಕೆಸರು ಗದ್ದೆಯೊಳಕ್ಕೆ ನಿಧಾನವಾಗಿ, ಬಹಳ ಮರ್ಯಾದೆಯಿಂದ ಇಳಿದು ನಿಂತಿತು. ಅಲ್ಲಿ ಮೇಯುತ್ತಿದ್ದ ಬಾತುಕೋಳಿಗಳು ಸಾಲಾಗಿ ನಿಂತು ಇವರನ್ನು ನೋಡಿದವು.

“ಬಾವುಟ ಬಲಕ್ಕೆ ಹೋಯ್ತು” ಅಂದರು ಮೇಷ್ಟ್ರು, ಮೊಣಕಾಲುದ್ದ ಕೆಸರಿನಲ್ಲಿ ನಿಂತು.

“ನಾನೂ ನೋಡೀನಿ ಬಿಡ್ರಿ.”

“ಮತ್ತೆ ಎಡಕ್ಕೆ ಯಾಕ್ರೀ ಬಂದ್ರಿ?”

“ನೀವ ಕೈ ಮಾಡಿದ್ರಲ್ರೀ! ಬೀಗರು ಕೈ ತೋರಿಸಿದ ಮ್ಯಾಲೆ ಒಲ್ಲೆ ಅನ್ನಾಕ ಆಕ್ಕೈತೇನು?”

“ನೊಣ ಓಡಿಸಿದ್ದು ಕಣ್ರೀ!” ಮೇಷ್ಟ್ರ ತಾಳ್ಮೆ ಅಲ್ಲಿಗೆ ಕಿತ್ತುಹೋಯಿತು. ಒಂದು ವರ್ಷದಿಂದ ನುಂಗಿಕೊಂಡಿದ್ದೆಲ್ಲ ಒಟ್ಟಿಗೆ ಬಂತು. “ಈಗ ನೋಡಿದ್ರೆ ಇಷ್ಟು ಮರ್ಯಾದೆ! ಅವತ್ತು ಅಷ್ಟು ಜನರ ಮುಂದೆ ನನ್ನ ಬಾಯಿಗೆ ಹತ್ತಿ ತುರುಕಿದಾಗ ಎಲ್ಲಿ ಹೋಗಿತ್ತು ಈ ಮರ್ಯಾದೆ? ಒಂದು ವರ್ಷದಿಂದ ಕಾಯ್ತಾ ಇದೀನಿ, ಒಂದು ದಿನವಾದ್ರೂ ಬಂದು ತಪ್ಪಾಯ್ತು ಅಂದ್ರಾ ನೀವು?”

ಈರಪ್ಪನವರ ಬಾಯಿ ತೆರೆದದ್ದು ತೆರೆದೇ ಇತ್ತು. ಹೆಲ್ಮೆಟ್ ತೆಗೆದು ಗಾಡಿಯ ಮೇಲಿಟ್ಟರು.

“ಸಿಟ್ಟಾಗಿದ್ರೇನ್ರಿ ನೀವು? ಶಿವನ! ನಾ ಒಂದು ವರ್ಷದಿಂದ ಬ್ಯಾರೇನ ಕಾಯಾಕ ಹತ್ತೀನಲ್ರೀ. ನಮ್ಮ ಕಡೆ ಬೀಗರಂದ್ರ ಚಾಷ್ಟಿ, ತಮಾಷಿ ಮಾಡಬೇಕು. ನಾವು ಒಂದು ಮಾಡಿದ್ರ ಅವರು ತಿರುಗಿ ಎರಡು ಮಾಡಬೇಕು. ಆವಾಗ ಬೀಗತನ ಕೂಡತು ಅಂತ ಅರ್ಥ. ದೀಪಾವಳಿಗೆ ಬಂದು ನನ್ನ ಚಾದಾಗ ಉಪ್ಪು ಹಾಕ್ತೀರಿ ಅಂತ ಕಾದೆ. ಯುಗಾದಿಗೆ ತಲಿ ಮ್ಯಾಲೆ ಒಂದು ಕೊಡ ನೀರು ಸುರೀತೀರಿ ಅಂತ ಕಾದೆ. ನೀವು ಬರಲೇ ಇಲ್ಲ. ಒಂದು ಬೈಗಳಾ ಸೈತ ಬೈಲಿಲ್ಲ. ‘ಅವರು ನಮ್ಮನ್ನ ಬೀಗರು ಅಂತ ಒಪ್ಪಿಲ್ಲ, ಖಾನಾವಳಿ ಮಂದಿ ಅಂತ ದೂರ ಇಟ್ಟಾರ’ ಅಂತ ನಮ್ಮ ಭಾಗವ್ವ ಹಬ್ಬದ ದಿನ ಕುಂತು ಅತ್ತಾಳ್ರಿ.”

ಮೇಷ್ಟ್ರು ತಮ್ಮ ಕಿವಿಯನ್ನೇ ನಂಬಲಿಲ್ಲ. ಇವರು ಕ್ಷಮಾಪಣೆಗೆ ಕಾದದ್ದು, ಅವರು ಬೈಗುಳಕ್ಕೆ ಕಾದದ್ದು. ನಡುವೆ ಎರಡು ಮನೆಯ ಹೆಂಗಸರು ನೊಂದದ್ದು. ಹಬ್ಬದ ದಿನ ಅತ್ತ ಭಾಗವ್ವನನ್ನು ನೆನೆದು, ಕೆಸರಿನಿಂದ ಕಾಲು ಕಿತ್ತು ಈರಪ್ಪನವರ ಹತ್ತಿರಕ್ಕೆ ಬಂದರು.

“ನಂಗೆ ಗೊತ್ತಿರ್ಲಿಲ್ಲ ಈರಪ್ಪನವರೇ. ದೇವರಾಣೆ ಗೊತ್ತಿರ್ಲಿಲ್ಲ.”

“ಹಂಗಾದ್ರ ಈಗ ಬೈರಿ. ಯಾರೂ ಇಲ್ಲ, ಬರೇ ಬಾತುಕೋಳಿ ಅದಾವ.”

ಬೈಯುವುದು ಅಂದರೆ ಸುಲಭವೇ? ಹುಡುಗರಿಗೆ ಬೈದಿದ್ದಾರೆ, ಬೀಗರಿಗೆ ಬೈದು ಅಭ್ಯಾಸವಿಲ್ಲ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, “ನೀವು... ನೀವು ಸ್ವಲ್ಪ ದಪ್ಪ ಇದೀರಿ” ಅಂದರು.

“ಅದು ಬೈಗಳಲ್ರೀ, ಡಾಕ್ಟರ್ ಹೇಳೂ ಮಾತು” ಅಂದು ಈರಪ್ಪನವರು ನಿರಾಸೆಯಿಂದ ಗಾಡಿಯ ಕಡೆ ತಿರುಗಿದರು. “ಇರ್ಲಿ ಬಿಡ್ರಿ. ನೀವು ಹಿಂದಿಂದ ನೂಕ್ರಿ, ನಾ ಚಾಲೂ ಮಾಡ್ತೀನಿ.”

ಮೇಷ್ಟ್ರು ಹಿಂದೆ ನಿಂತು ಶಕ್ತಿಯೆಲ್ಲಾ ಬಿಟ್ಟು ನೂಕಿದರು. ಈರಪ್ಪನವರು ಗಾಡಿ ಹತ್ತಿ ಹೆಬ್ಬೆರಳು ಒತ್ತಿದರು. ಗಾಡಿ ಒಂದಿಂಚೂ ಕದಲಲಿಲ್ಲ. ಚಕ್ರಗಳು ಮಾತ್ರ ಗಿರ್ರೆಂದು ತಿರುಗಿ, ಗದ್ದೆಯ ಅರ್ಧ ಕೆಸರನ್ನು ಎತ್ತಿ ಮೇಷ್ಟ್ರ ಮೈಮೇಲೆ ಎರಚಿದವು. ಕನ್ನಡಕ, ಮೀಸೆ, ಬಾಯಿ ಯಾವುದೂ ಉಳಿಯಲಿಲ್ಲ.

“ರೀ ಬೀಗರೇ!” ಮೇಷ್ಟ್ರು ಕೂಗಿದ ಕೂಗಿಗೆ ಬಾತುಕೋಳಿಗಳೆಲ್ಲ ಚೆಲ್ಲಾಪಿಲ್ಲಿಯಾದವು. “ನಿಮ್ಮ ಮಗನ ಜಾತಕ ನೋಡೋ ಬದಲು ನಿಮ್ಮ ಲೈಸೆನ್ಸ್ ನೋಡಬೇಕಾಗಿತ್ತು ಕಣ್ರೀ ನಾನು!”

ಈರಪ್ಪನವರು ತಿರುಗಿ ನೋಡಿದರು. ಒಂದು ಕ್ಷಣ ಮುಖ ಕಲ್ಲಾಗಿತ್ತು. ಆಮೇಲೆ ಹೊಟ್ಟೆ ಕುಲುಕಿತು, ಭುಜ ಕುಲುಕಿತು, ಗಾಡಿಯೂ ಕುಲುಕಿತು. ನಕ್ಕು ನಕ್ಕು ಜಾರಿ ಕೆಸರಿನಲ್ಲೇ ಕೂತುಬಿಟ್ಟರು. ಕಣ್ಣಲ್ಲಿ ಧಾರಾಕಾರ ನೀರು. “ಬೀಗರೇ ಅಂದ್ರಿ! ಬೈದ್ರಿ, ಬೀಗರೇ ಅಂದ್ರಿ!” ಅನ್ನುತ್ತಾ ಮೇಷ್ಟ್ರ ಕೈ ಹಿಡಿದು ಎಳೆದರು. ಮೇಷ್ಟ್ರೂ ಪಕ್ಕದಲ್ಲಿ ದೊಪ್ಪೆಂದು ಕೂತರು. ಇಬ್ಬರೂ ಅಲ್ಲೇ ಕೂತು, ಹೊಟ್ಟೆ ಹಿಡಿದುಕೊಂಡು, ಚಿಕ್ಕ ಮಕ್ಕಳಂತೆ ನಕ್ಕರು. ಅಷ್ಟು ನಕ್ಕು ಎಷ್ಟು ವರ್ಷವಾಗಿತ್ತೋ, ಮೇಷ್ಟ್ರಿಗೇ ನೆನಪಿಲ್ಲ.

ಹುಡುಕಿಕೊಂಡು ಬಂದ ಕೆತುತ್ ಬದುವಿನ ಮೇಲೆ ನಿಂತು ತಲೆ ಮೇಲೆ ಕೈ ಹೊತ್ತ. ಅವನ ಹಿಂದೆ ಭಾಗವ್ವನ ಗಾಡಿ, ಅದರ ಹಿಂದೆ ಮಕ್ಕಳದು. ಕೆಸರಿನಲ್ಲಿ ಕೂತ ಅಪ್ಪಂದಿರನ್ನು ಕಂಡು ಸ್ಮೃತಿ ಗಾಡಿಯ ಮೇಲೆಯೇ ಎದ್ದು ನಿಂತಳು. ಜಗಳವೇ ಆಗಿಹೋಯಿತು ಅಂದುಕೊಂಡಳು ಪಾಪ.

“ಏ ಭಾಗವ್ವಾ!” ಈರಪ್ಪನವರು ಕೂತಲ್ಲಿಂದಲೇ ಊರಿಗೆಲ್ಲ ಕೇಳುವಂತೆ ಕೂಗಿದರು. “ಬೀಗರು ನನಗ ಬೈದ್ರು ಬೇ! ಭರ್ಜರಿ ಬೈದ್ರು!”

“ಖರೇನ?” ಭಾಗವ್ವ ಗಾಡಿಯಿಂದ ಜಿಗಿದು ಬದುವಿನ ಅಂಚಿಗೆ ಬಂದರು. ಮುಖ ಅರಳಿತ್ತು, ಕಣ್ಣು ತುಂಬಿತ್ತು, ಆದರೂ ಸೊಂಟಕ್ಕೆ ಕೈಯಿಟ್ಟು ಜೋರು ಮಾಡಿದರು. “ಅವರಿಗಷ್ಟ ಬೈದ್ರ ಆತೇನ್ರಿ ಬೀಗರ? ನಾ ಏನ್ ಪಾಪ ಮಾಡೀನಿ?”

ಮೇಷ್ಟ್ರು ಕೆಸರಿನಿಂದ ಎದ್ದರು. ಕನ್ನಡಕ ತೆಗೆದು ಒರೆಸಲು ನೋಡಿ, ಒರೆಸಲು ಒಂದು ಒಣ ಜಾಗವೂ ಮೈಮೇಲಿಲ್ಲದೆ, ಹಾಗೇ ಕೈಯಲ್ಲಿ ಹಿಡಿದುಕೊಂಡು ಭಾಗವ್ವನಿಗೆ ಕೈ ಮುಗಿದರು.

“ನಿಮಗೆ ಇಲ್ಲಿ ಬೈಯಕ್ಕಾಗಲ್ಲ ಬೀಗಿತ್ತಿ. ಭಾನುವಾರ ನಿಮ್ಮನೆಗೇ ಬರ್ತೀನಿ. ಹೊಟ್ಟೆ ತುಂಬಾ ರೊಟ್ಟಿ ತಿಂದು, ಆಮೇಲೆ ನಿಧಾನವಾಗಿ ಕೂತ್ಕೊಂಡು ಬೈತೀನಿ.”

ಸ್ಮೃತಿ ಕೆಸರು ಗಿಸರು ಏನೂ ನೋಡದೆ ಗದ್ದೆಗೆ ಧುಮುಕಿ, ಅಪ್ಪನ ಕುತ್ತಿಗೆಗೆ ಜೋತುಬಿದ್ದಳು.