ಇಲ್ಲ ಅನ್ನದ ತಾಯಮ್ಮ

ನಮ್ಮ ಅತ್ತೆ ತಾಯಮ್ಮನವರ ಬಾಯಲ್ಲಿ ‘ಇಲ್ಲ’ ಅನ್ನುವ ಮಾತೇ ಬರುವುದಿಲ್ಲ. ಮುಸ್ಸಂಜೆಯಲ್ಲಂತೂ ಬರಲೇಕೂಡದು. ಆ ಹೊತ್ತಿನಲ್ಲಿ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಇಲ್ಲ ಅಂದರೆ ‘ಅಸ್ತು’ ಅಂದುಬಿಡುತ್ತಾರೆ, ಹಾಗೇ ಆಗಿಬಿಡುತ್ತದೆ ಎಂಬ ಮಂಡ್ಯದ ಭಯವನ್ನು ಅಮೆರಿಕದ ಬೆರ್ರಿಯೆಸಾದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿಗೂ ಹೊತ್ತು ತಂದಿದ್ದಾರೆ. ಹಾಗಾಗಿ ನನ್ನ ಕುಕ್ಕರು ಮೇಲಿನ ಮಹಡಿಯಲ್ಲಿದೆ, ಮಗಳು ಮಾನ್ಯಾಳ ಸೈಕಲ್ಲು ಎದುರುಮನೆಯಲ್ಲಿದೆ. ಅವರು ಕೇಳಿದರು, ಇವರು ಕೊಟ್ಟರು.

ಹೊಸ ಅಧ್ಯಕ್ಷರು ಬಂದ ಮೇಲೆ ಈ ಗುಣವೇ ನನ್ನ ನಿದ್ದೆ ಕೆಡಿಸಿತು. ಗ್ರೀನ್ ಕಾರ್ಡ್ ಇರುವ ಹಿರಿಯರು ಊರಲ್ಲಿ ಬಹಳ ದಿನ ಇದ್ದು ಬಂದರೆ ವಿಮಾನ ನಿಲ್ದಾಣದಲ್ಲೇ ಕೂರಿಸಿ, ಕಾರ್ಡು ಬಿಟ್ಟುಕೊಡುತ್ತೇನೆಂದು ಸಹಿ ಹಾಕಿಸಿಕೊಳ್ಳುತ್ತಾರಂತೆ ಎಂದು ವಾಟ್ಸಾಪಿನಲ್ಲೆಲ್ಲ ಅದೇ ಮಾತು. ಕಾನೂನು ಹಳೆಯದೇ, ಕೇಳುವ ದನಿ ಮಾತ್ರ ಹೊಸದು ಎಂದರು ನಮ್ಮ ವಕೀಲರು. ಸಹಿ ಹಾಕದೆ ನ್ಯಾಯಾಧೀಶರನ್ನು ಕೇಳುವ ಹಕ್ಕಿದೆ, ಹಾಕಿದರೆ ಮುಗಿಯಿತು. ಅತ್ತೆಯೋ ಕಾಯಿಲೆಯ ತಂಗಿಯನ್ನು ನೋಡಿಕೊಳ್ಳಲು ಮಂಡ್ಯಕ್ಕೆ ಹೋದವರು ಹತ್ತು ತಿಂಗಳು ಅಲ್ಲೇ ಇದ್ದರು.

ಫೋನಿನಲ್ಲಿ ತಾಲೀಮು ಮಾಡಿಸಿದೆ. ನಾನೇ ಆಫೀಸರಾಗಿ, ಕಾರ್ಡು ಬಿಟ್ಟುಕೊಡುತ್ತೀರಾ ಎಂದು ಗದರಿಸಿ ಕೇಳಿದೆ.

“ನೋಡೋಣಪ್ಪ,” ಅಂದರು. ಮತ್ತೆ ಕೇಳಿದ್ದಕ್ಕೆ, “ನೀವು ಹೆಂಗ್ ಹೇಳಿದ್ರೆ ಹಂಗೆ.”

ನಾನು ತಲೆ ಚಚ್ಚಿಕೊಂಡೆ.

ನಿನ್ನೆ ಅವರ ವಿಮಾನ ಮಧ್ಯಾಹ್ನವೇ ಇಳಿಯಿತು. ಜೊತೆಗೆ ಬಂದವರೆಲ್ಲ ಪೆಟ್ಟಿಗೆ ತಳ್ಳಿಕೊಂಡು ಮನೆ ಸೇರಿದರು. ನಿಲ್ದಾಣದಲ್ಲಿ ಕಾದು ನಿಂತ ನಮಗೆ ಅತ್ತೆಯ ಸುಳಿವಿಲ್ಲ. ಗಾಜಿನಾಚೆ ಕತ್ತಲು ಕವಿಯತೊಡಗಿತು. “ಈಸ್ ಅಜ್ಜಿ ಕಮಿಂಗ್?” ಎಂದು ಮಾನ್ಯಾ ಕೇಳುತ್ತಲೇ ಇದ್ದಳು. ಅಜ್ಜಿಯ ತೊಡೆಯ ಮೇಲೆ ಬೆಳೆದ ಮಗುವಿಗೆ ಏನು ಹೇಳಲಿ? ಬಾಗಿಲ ಕಡೆಗೇ ನೋಡುತ್ತ ನಿಂತಿದ್ದೆ.

ಕೊನೆಗೆ ಬಂದರು, ಸೀರೆಯ ನೆರಿಗೆ ಕೂಡ ಕೆಡದಂತೆ. ಒಳಗೆ ನಡೆದದ್ದನ್ನು ಅಲ್ಲೇ ನಿಂತು ಹೇಳಿದರು. ಆಫೀಸರು ಬಗೆಬಗೆಯಾಗಿ ಕೇಳಿದನಂತೆ, ಫೋನಿನಲ್ಲಿ ಯಾರೋ ಅದನ್ನು ಕನ್ನಡ ಮಾಡಿ ಹೇಳಿದರಂತೆ. ಪೆನ್ನು ಮುಂದಿಟ್ಟಾಗ ಇವರು ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು, ಜಡ್ಜಿನ ಮುಂದೆ ಮಾತಾಡುತ್ತೇನೆ ಅಂದರಂತೆ. ಅವನು ಸಾಕಾಗಿ ಕಾರ್ಡು ವಾಪಸು ಕೊಟ್ಟು ಕಳಿಸಿದನಂತೆ.

“ಉಪ್ಪು ಕೇಳಿದ್ರೆ ಕೊಡ್ತಿದ್ದೆ ಕಣವ್ವ. ಅವ್ನು ಮನೇನೇ ಕೇಳ್ದ. ಇಲ್ಲ ಅಂದೆ.”

ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು. ಆದರೆ ಅವರ ಮುಖ ಸಪ್ಪಗಿತ್ತು. ಮುಸ್ಸಂಜೆ ಹೊತ್ತಿನಲ್ಲಿ ಅಂದುಬಿಟ್ಟೆನಲ್ಲ ಎಂದು ಹಣೆ ಒತ್ತಿಕೊಂಡರು.

“ಅವ್ನು ಏನ್ ಕೇಳ್ದಾಗ ಇಲ್ಲ ಅಂದ್ರಿ?”

“ಮಗ, ಸೊಸೆ, ಮೊಮ್ಮಗಳನ್ನ ಬಿಟ್ಟು ಹೊಂಟೋಗ್ತೀಯಾ ಅಂತ.”

“ಮತ್ತೆ ಆ ‘ಇಲ್ಲ’ಕ್ಕೆ ಅಸ್ತು ಅನ್ಲಿ ಬಿಡಿ, ಅತ್ತೆ.”

ಅತ್ತೆ ಪೆಟ್ಟಿಗೆಯ ಗಾಡಿಯನ್ನು ಬಾಗಿಲ ತನಕ ತಳ್ಳಿಕೊಂಡು ಬಂದು ನಿಲ್ಲಿಸಿದರು. ಹೊರಗೆ ಇನ್ನೂ ಚೂರು ಬೆಳಕಿತ್ತು. ಮಾನ್ಯಾಳ ಕೈ ಹಿಡಿದುಕೊಂಡು, ಈ ಸಲ ಯಾರೂ ಕೇಳದಿದ್ದರೂ, ಇನ್ನೊಮ್ಮೆ ಗಟ್ಟಿಯಾಗಿ ಇಲ್ಲ ಅಂದರು.